ನಿಮಗಿದು ಗೊತ್ತೇ? ಉದುರಿದ್ದು ಕೂದಲು, ತೋರಿಸಬೇಕಾದ್ದು ಕಣ್ಣನ್ನೂ!

ತಲೆಯಲ್ಲಿ ನಾಣ್ಯದಗಲ ಕೂದಲು ಉದುರಿ ನುಣ್ಣಗಾದರೆ ‘ಹುಳ ತಿಂದಿದೆ’ ಅನ್ನುತ್ತಾರೆ. ಕೋಲಾರ ಜಿಲ್ಲೆಯ ಗಡಿಯ ನಂಗಲಿ ದಾಟಿದರೆ ತೆಲುಗಿನಲ್ಲಿ ಅದೇ ‘ಪೇನುಕೊರುಕುಡು’, ಅಂದರೆ ಹೇನು ಕಡಿದದ್ದು. ಆದರೆ ಹೇನು ಕೂದಲು ತಿನ್ನುವುದಿಲ್ಲ, ರಕ್ತ ಹೀರುತ್ತದೆ. ಇಲ್ಲಿ ಕೂದಲ ಬುಡದ ಮೇಲೆ ದಾಳಿ ಮಾಡುವುದು ನಮ್ಮದೇ ರೋಗನಿರೋಧಕ ಕಣಗಳು. ಅಲೋಪೇಶಿಯ ಏರಿಯೇಟ ಎಂಬ ಈ ತೊಂದರೆ ಜೀವಮಾನದಲ್ಲಿ ನೂರಕ್ಕೆ ಸುಮಾರು ಇಬ್ಬರಿಗೆ ಬರುತ್ತದೆ. ಅಂಟುರೋಗವಲ್ಲ, ಬಾಚಣಿಗೆ ಬೇರೆ ಇಡಬೇಕಿಲ್ಲ.

ಈ ದಾಳಿಯಲ್ಲಿ ಕಪ್ಪು ಕೂದಲು ಮೊದಲು ಉದುರುತ್ತದೆ, ನರೆಗೂದಲು ಎಷ್ಟೋ ಸಲ ಉಳಿದುಕೊಳ್ಳುತ್ತದೆ. ‘ಒಂದೇ ರಾತ್ರಿಯಲ್ಲಿ ತಲೆ ಬೆಳ್ಳಗಾಯಿತು’ ಎಂಬ ಕಥೆಗಳ ಹಿಂದೆ ಇದೇ ಇರಬಹುದು. ಹಾಗಾಗಿ ಗುರಿ ಬಣ್ಣದ ಕಣಗಳೇ ಇರಬೇಕೆಂಬ ಅನುಮಾನ ತಜ್ಞರಿಗಿದೆ. ಕಣ್ಣಿನ ಅಕ್ಷಿಪಟಲದ ಹಿಂದೆಯೂ ಬಣ್ಣದ ಪದರವೊಂದಿದೆ! ಕೆಲವು ರೋಗಿಗಳಲ್ಲಿ ಅಲ್ಲಿ ಬಣ್ಣ ತೆಳುವಾದ ಚುಕ್ಕೆಗಳು, ಮಸೂರದಲ್ಲಿ ಸಣ್ಣ ಮಬ್ಬು ಕಂಡಿವೆ. ಗಾಬರಿ ಬೇಡ, ಬಹುಪಾಲು ಇವು ದೃಷ್ಟಿ ಕೆಡಿಸುವಂಥವಲ್ಲ. ಇನ್ನು ಚಿಕಿತ್ಸೆಗೆ ನುಂಗುವ ಸ್ಟೆರಾಯ್ಡ್ ಮಾತ್ರೆ ಬಹುಕಾಲ ಮುಂದುವರಿದರೆ ಅದರಿಂದಲೇ ಪೊರೆ ಬರಬಹುದು.

ಆದರೆ ತಲೆನೋವು, ಕಿವಿಯಲ್ಲಿ ಗುಂಯ್‌ ಸದ್ದು, ಎರಡೂ ಕಣ್ಣು ಮಂಜು, ಆಮೇಲೆ ಕೂದಲು ಉದುರಿ ರೆಪ್ಪೆ ಬೆಳ್ಳಗಾದರೆ? ಅದು ಬೇರೆಯೇ ರೋಗ: ವೋಗ್ಟ್-ಕೊಯನಾಗಿ-ಹರಾಡ. ಯುರೋಪಿಯನ್ನರಿಗಿಂತ ಏಷ್ಯಾದವರಲ್ಲಿ ಹೆಚ್ಚು. ಇದಕ್ಕೆ ತಡಮಾಡುವಂತಿಲ್ಲ, ದೃಷ್ಟಿಯೇ ಹೋದೀತು.

ಅಲೋಪೇಶಿಯದಲ್ಲಿ ಕೆಲವರಿಗೆ ಉದುರುವ ರೆಪ್ಪೆಗೂದಲು ಬರೀ ಅಂದಕ್ಕಲ್ಲ. 22 ಬಗೆಯ ಸಸ್ತನಿಗಳನ್ನು ಅಳೆದ ಅಮೆರಿಕದ ಜಾರ್ಜಿಯಾ ಟೆಕ್ ಸಂಶೋಧಕರು 2015ರಲ್ಲಿ ಕಂಡುಕೊಂಡದ್ದು: ಅದರ ಉದ್ದ ಕಣ್ಣಿನ ಅಗಲದ ಮೂರರಲ್ಲೊಂದು ಪಾಲು. ಅಷ್ಟಿದ್ದರೆ ಗಾಳಿ ತಿರುಗಿ ಹೋಗುತ್ತದೆ, ಕಣ್ಣು ಒಣಗುವುದೂ ಧೂಳು ಕೂರುವುದೂ ಕಡಿಮೆ. ಅದು ಉದುರಿದವರು ಹೆದ್ದಾರಿ 75ರಲ್ಲಿ ಲಾರಿಗಳ ಹಿಂದೆ ಬೈಕ್ ಓಡಿಸುವುದಾದರೆ ಕನ್ನಡಕ ಬೇಕೇ ಬೇಕು.

ಉದುರಿದ ಕಡೆ ಗುಲಗಂಜಿ ತೇಯ್ದು ಹಚ್ಚುವ ಹಳೆಯ ಮದ್ದೊಂದಿದೆ. ಹುಬ್ಬಿಗಂತೂ ಬೇಡವೇ ಬೇಡ! 1882ರ ಸುಮಾರಿಗೆ ಪ್ಯಾರಿಸ್‌ನ ನೇತ್ರವೈದ್ಯ ಲೂಯಿ ದ ವೆಕರ್, ಟ್ರಕೋಮ ಎಂಬ ಕಣ್ಣಿನ ಸೋಂಕಿನ ರೋಗಿಗಳಿಗೆ ಬೇಕೆಂದೇ ಉರಿಯೂತವಾಗಲಿ ಎಂದು ಇದೇ ಬೀಜದ ಕಷಾಯವನ್ನು ಕಣ್ಣಿಗೆ ಹಾಕುತ್ತಿದ್ದ. ಅಷ್ಟು ಉಗ್ರ ಅದು.

ಅಲೋಪೇಶಿಯ ಏರಿಯೇಟಕ್ಕೆಂದು 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬ್ಯಾರಿಸಿಟಿನಿಬ್ ಮಾತ್ರೆಯಿಂದ ಕೆಲವರಿಗೆ ಹುಬ್ಬು, ರೆಪ್ಪೆಯೂ ಮರಳಿ ಬೆಳೆದಿವೆ. ವೈದ್ಯರ ಕಣ್ಗಾವಲಿಲ್ಲದೆ ನುಂಗುವಂಥದ್ದಲ್ಲ.

ಇನ್ನು ಕಣ್ಣಿನ ತಪಾಸಣೆಯಲ್ಲಿ ಅಕ್ಷಿಪಟಲ ನೋಡಲು ಡ್ರಾಪ್ಸ್ ಹಾಕಿ ಪಾಪೆ ಅಗಲಿಸುತ್ತಾರೆ. ಕೆಲವು ಗಂಟೆ ಮಂಜುಮಂಜು. ತಪಾಸಣೆಗೆ ಕೋಲಾರಕ್ಕೆ ಹೋಗುವ ದಿನ ಬೈಕ್ ಬಿಟ್ಟು ಬಸ್ಸು ಹತ್ತಿ.