ಕ್ಷೌರದಂಗಡಿಯ ಬಾತುಗಳು

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಚೆಸಪೀಕ್ ಕೊಲ್ಲಿಯ ಪೂರ್ವ ದಂಡೆಗೆ ಅಂಟಿಕೊಂಡ ಕ್ರಿಸ್‌ಫೀಲ್ಡ್ ಎಂಬ ಪುಟ್ಟ ಊರಿದೆ. ಏಡಿ, ಸಿಂಪಿ ಹಿಡಿದು ಬದುಕಿದ ಊರು. ಇಲ್ಲಿ ಸ್ಟೀವ್ ವಾರ್ಡ್, ಲೆಮ್ ವಾರ್ಡ್ ಎಂಬ ಅಣ್ಣತಮ್ಮಂದಿರು ಕ್ಷೌರದ ಕಸುಬು ನಡೆಸುತ್ತಿದ್ದರು. ಗಿರಾಕಿ ಬಂದರೆ ಕತ್ತರಿ ಹಿಡಿಯುವ ಕೈ, ಅವನು ಎದ್ದು ಹೋದೊಡನೆ ಉಳಿಯನ್ನೋ ಕುಂಚವನ್ನೋ ಹಿಡಿಯುತ್ತಿತ್ತು. ಆ ಬಿಡುವಿನ ವೇಳೆಯಲ್ಲಿ ಹುಟ್ಟಿದ ಮರದ ಬಾತುಗಳನ್ನು ಇಂದು ಅಮೆರಿಕದ ಜನಪದ ಕಲೆಯ ಅತ್ಯುತ್ತಮ ಮಾದರಿಗಳ ಸಾಲಿನಲ್ಲಿ ಇಡುತ್ತಾರೆ.

ಬಾತು ಮಾಡಿದ್ದು ಅಲಂಕಾರಕ್ಕಲ್ಲ, ಬೇಟೆಗೆ. ಚಳಿಗಾಲದಲ್ಲಿ ಉತ್ತರದಿಂದ ಕೊಲ್ಲಿಗೆ ಹಿಂಡುಹಿಂಡಾಗಿ ಬಾತುಗಳು ಇಳಿಯುತ್ತವೆ. ಬೇಟೆಗಾರ ಮರದ ಬಾತುಗಳನ್ನು ನೀರಿನಲ್ಲಿ ತೇಲಿಬಿಟ್ಟು ಮರೆಯಲ್ಲಿ ಕಾಯುತ್ತಾನೆ. ಮೇಲೆ ಹಾರುವ ಹಿಂಡು ಕೆಳಗೆ ತನ್ನವರೇ ನೆಮ್ಮದಿಯಿಂದ ಇದ್ದಾರೆಂದು ನಂಬಿ ಇಳಿಯುತ್ತದೆ. ಡಿಕಾಯ್ ಎಂದು ಕರೆಯುವ ಈ ಹುಸಿಹಕ್ಕಿಗೆ ಅಮೆರಿಕದಲ್ಲಿ ಬಹಳ ಹಳೆಯ ಚರಿತ್ರೆ ಇದೆ. ನೆವಾಡಾದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜೊಂಡುಹುಲ್ಲಿನಿಂದ ಕಟ್ಟಿದ 11 ಬಾತುಗಳು ಸಿಕ್ಕವು. ಸುಮಾರು 2,000 ವರ್ಷ ಹಿಂದೆ ಅಲ್ಲಿನ ಮೂಲನಿವಾಸಿಗಳು ಮಾಡಿದ್ದವು ಅವು. ಯುರೋಪಿನಿಂದ ಬಂದು ನೆಲೆಸಿದವರು ಜೊಂಡಿನ ಬದಲು ಮರ ಬಳಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದ ಮೇಲೆ ಬಾತಿನ ಮಾಂಸ ನಗರದ ಮಾರುಕಟ್ಟೆಗಳಿಗೆ ರಾಶಿರಾಶಿಯಾಗಿ ಹೋಯಿತು. 1918ರ ವಲಸೆ ಹಕ್ಕಿಗಳ ಕಾಯ್ದೆ ಆ ವ್ಯಾಪಾರವನ್ನು ನಿಲ್ಲಿಸಿತು. ಹವ್ಯಾಸದ ಬೇಟೆ ಮಾತ್ರ ಮಿತಿಗಳೊಳಗೆ ಮುಂದುವರಿಯಿತು. ಜೀವಂತ ಬಾತುಗಳನ್ನು ಕಟ್ಟಿಹಾಕಿ ದೀವದ ಹಕ್ಕಿಗಳಂತೆ ಬಳಸುವುದನ್ನೂ 1935ರಲ್ಲಿ ನಿಷೇಧಿಸಿದಾಗ ಬೇಟೆಗಾರ ಪೂರ್ತಿಯಾಗಿ ಮರದ ಹಕ್ಕಿಯನ್ನೇ ನಂಬಬೇಕಾಯಿತು.

ವಾರ್ಡ್ ಸೋದರರ ತಂದೆಯೂ ಕ್ಷೌರಿಕರು, ಬಿಡುವಿನಲ್ಲಿ ಬಾತು ಕೆತ್ತುತ್ತಿದ್ದವರು. ಅಣ್ಣ ಸ್ಟೀವ್ ಹುಟ್ಟಿದ್ದು 1895ರಲ್ಲಿ, ತಮ್ಮ ಲೆಮ್ 1896ರಲ್ಲಿ. ಇಬ್ಬರ ನಡುವೆ ಕೆಲಸ ತಾನೇ ತಾನಾಗಿ ಹಂಚಿಹೋಯಿತು: ಕೆತ್ತನೆ ಹೆಚ್ಚಾಗಿ ಸ್ಟೀವ್‌ನದು, ಬಣ್ಣ ಲೆಮ್‌ನದು. ಸ್ಟೀವ್ ಕವಿತೆಯನ್ನೂ ಬರೆಯುತ್ತಿದ್ದ. ತಮ್ಮನ್ನು ಅವರು ಕರೆದುಕೊಂಡದ್ದು ‘ಮರದಲ್ಲಿ ಕಾಡುಬಾತುಗಳ ನಕಲಿಗರು’ ಎಂದು.

ಕೆತ್ತನೆಯ ದಾರಿ ನೇರವಾದದ್ದು. ಸೀಡರ್ ಅಥವಾ ಪೈನ್ ದಿಮ್ಮಿಯನ್ನು ಕೈಕೊಡಲಿಯಿಂದ ಒರಟಾಗಿ ಕಡಿದು, ಎರಡು ಹಿಡಿಯ ಹೆರೆಗತ್ತಿಯಿಂದ ಮೈ ಹೊರಳಿಸಿ, ಅರದಿಂದ ಉಜ್ಜಿ, ಉಪ್ಪುಕಾಗದ ಹಾಕುತ್ತಾರೆ. ತಲೆಯನ್ನು ಬೇರೆಯಾಗಿ ಕೆತ್ತಿ ಕೂರಿಸುತ್ತಾರೆ. ಹೊಟ್ಟೆಯ ಕೆಳಗೆ ಸೀಸದ ತುಂಡು ಬಡಿಯುತ್ತಾರೆ, ಅಲೆ ಬಂದು ಮಗುಚಿದರೂ ಹಕ್ಕಿ ತಾನೇ ನೆಟ್ಟಗಾಗಬೇಕು. ಕ್ರಿಸ್‌ಫೀಲ್ಡಿನ ಬಾತುಗಳ ತಳ ಅಗಲ, ಚಪ್ಪಟೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯ ಜೀವರಕ್ಷಕ ತೆಪ್ಪಗಳಿಂದ ಉಳಿದ ಹಗುರವಾದ ಬಾಲ್ಸಾ ಮರವೂ ಸೋದರರ ಕೈಗೆ ಬಂತು.

ಇಷ್ಟರವರೆಗೆ ಚೆನ್ನಾಗಿ ಕೈಪಳಗಿದ ಬಡಗಿಯೊಬ್ಬ ಮಾಡಬಹುದು. ತಲೆಯ ತಿರುವಿನಲ್ಲಿ ವಾರ್ಡ್‌ಗಳ ಕೈ ಗೊತ್ತಾಗುತ್ತದೆ. ಎಲ್ಲ ಬಾತುಗಳೂ ಕತ್ತು ನಿಗುರಿಸಿ ಮುಂದಕ್ಕೇ ನೋಡುತ್ತಿದ್ದರೆ ಮೇಲಿನ ಹಿಂಡಿಗೆ ಅದು ಅಪಾಯದ ಸೂಚನೆ. ಒಂದು ಪಕ್ಕಕ್ಕೆ ತಿರುಗಿರಬೇಕು, ಒಂದು ಕತ್ತು ಹುದುಗಿಸಿರಬೇಕು, ಒಂದು ಅರೆನಿದ್ದೆಯಲ್ಲಿರಬೇಕು. ಸಂಗ್ರಾಹಕರು ‘1936ರ ಮಾದರಿ’ ಎಂದು ಹುಡುಕಿಕೊಂಡು ಹೋಗುವ ಬಾತುಗಳನ್ನು ನೋಡಿದರೆ, ಇವರು ಹಕ್ಕಿಯ ಆಕಾರದಷ್ಟೇ ಶ್ರದ್ಧೆಯಿಂದ ಅದರ ನೆಮ್ಮದಿಯನ್ನೂ ಗಮನಿಸಿದ್ದರು ಎನಿಸುತ್ತದೆ.

ಇನ್ನು ಬಣ್ಣ. ಲೆಮ್‌ಗೆ ಸವಾಲೊಡ್ಡುವಂಥ ಹಕ್ಕಿ ಸೂಜಿಬಾಲದ ಬಾತು. ಗಂಡಿನ ತಲೆ ಕಡು ಚಾಕೊಲೇಟ್ ಕಂದು. ಎದೆಯ ಬಿಳುಪು ಕತ್ತಿನ ಪಕ್ಕದಲ್ಲಿ ತೆಳುವಾಗುತ್ತಾ ಮೇಲಕ್ಕೆ ಏರುತ್ತದೆ. ಪಕ್ಕೆಯ ಬೂದುಬಣ್ಣ ದೂರದಿಂದ ಒಂದೇ ಬಣ್ಣದಂತೆ ಕಂಡರೂ ಹತ್ತಿರದಲ್ಲಿ ಕಪ್ಪು-ಬಿಳಿಯ ನೂರಾರು ಅಲೆಗೆರೆ. ಕೆಲವು ಕಡೆಯ ಕುಶಲಿಗರು ಬಣ್ಣ ಹಸಿಯಾಗಿರುವಾಗಲೇ ಬಾಚಣಿಗೆಯ ಹಲ್ಲಿನಂಥ ಸಾಧನ ಎಳೆದು ಈ ಗೆರೆಗಳನ್ನು ಮೂಡಿಸುತ್ತಾರೆ. ಎಣ್ಣೆಬಣ್ಣ ಒಣಗಿದ ಮೇಲೆ ಹೊಳೆಯಬಾರದು. ಬಿಸಿಲಿಗೆ ಫಳಕ್ಕನೆ ಮಿಂಚಿದರೆ ಹಿಂಡು ದಾರಿ ಬದಲಿಸುತ್ತದೆ. ಬಾಲವೂ ಕಷ್ಟದ ವಿಷಯವೇ: ನಿಜವಾದಷ್ಟು ಉದ್ದವಾಗಿ, ತೆಳ್ಳಗೆ ಕೆತ್ತಿದರೆ ದೋಣಿಯಲ್ಲಿ ಎಸೆದಾಗ ಮುರಿಯುತ್ತದೆ. ಆದ್ದರಿಂದ ಬೇಟೆಯ ಬಾತಿನ ಬಾಲ ಗಿಡ್ಡ, ಗಟ್ಟಿ. ಕುಶಲಿಗನ ಕಣ್ಣು ಬಯಸಿದ್ದನ್ನೆಲ್ಲ ಬೇಟೆಗಾರನ ದೋಣಿ ಒಪ್ಪುತ್ತಿರಲಿಲ್ಲ.

ಈ ಸೂಜಿಬಾಲದ ಬಾತು ಕನ್ನಡನಾಡಿಗೆ ಹೊಸದಲ್ಲ. ಉತ್ತರದ ಶೀತನಾಡುಗಳಿಂದ ಹೊರಟು ಚಳಿಗಾಲ ಕಳೆಯಲು ನಮ್ಮ ಕೆರೆಗಳಿಗೂ ಬರುತ್ತದೆ. ದುರ್ಬೀನು ಹಿಡಿದು ಕೆರೆ ಏರಿಯ ಮೇಲೆ ಕೂತವರು ಲೆಮ್‌ನ ಬಣ್ಣ ಎಷ್ಟು ಸರಿ ಎಂದು ತಾವೇ ಅಳೆದು ನೋಡಬಹುದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಂಥ ಬೇಟೆಯನ್ನು ತಡೆದಿದೆ, ಅದು ಒಳ್ಳೆಯದೇ. ಆದರೆ ಕೊಲ್ಲುವ ಉದ್ದೇಶಕ್ಕೆ ಮಾಡಿದ ವಸ್ತುವಿನಲ್ಲಿ ಹಕ್ಕಿಯ ಬಗ್ಗೆ ಇಷ್ಟೊಂದು ತಿಳಿವಳಿಕೆ, ಇಷ್ಟೊಂದು ಪ್ರೀತಿ ಸೇರಿಕೊಂಡದ್ದು ಈ ಕಸುಬಿನ ದೊಡ್ಡ ವಿಚಿತ್ರ.

ಯುದ್ಧಾನಂತರ ಪ್ಲಾಸ್ಟಿಕ್ ಬಾತುಗಳು ಬಂದವು. ಅಗ್ಗ, ಹಗುರ, ಒಡೆದರೆ ಬಿಸಾಡಿದರಾಯಿತು. ಹಳ್ಳಿಗಳ ಕುಶಲಿಗರು ಒಬ್ಬೊಬ್ಬರಾಗಿ ಕೈಬಿಟ್ಟರು. ವಾರ್ಡ್‌ಗಳ ಹಾದಿಯೂ ಬದಲಾಯಿತು. 1948ರಲ್ಲಿ ನ್ಯೂಯಾರ್ಕಿನ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂದ ಮೇಲೆ ಹೊರಗಿನವರು ಹುಡುಕಿಕೊಂಡು ಬಂದರು. ಮುಂದೆ ನೀರಿಗಿಳಿಯದ, ಶೋಕೇಸಿಗೇ ಮಾಡಿದ ಬಾತುಗಳು ಹೆಚ್ಚಾದವು. ಅವರ ಹೆಸರಿನಲ್ಲಿ 1968ರಲ್ಲಿ ವಾರ್ಡ್ ಫೌಂಡೇಶನ್, 1971ರಿಂದ ವಾರ್ಡ್ ವಿಶ್ವ ಚಾಂಪಿಯನ್‌ಶಿಪ್, 1992ರಲ್ಲಿ ಸಾಲಿಸ್‌ಬರಿಯಲ್ಲಿ ಮ್ಯೂಸಿಯಂ ಕಟ್ಟಡ. ಸ್ಟೀವ್ 1976ರಲ್ಲೇ ತೀರಿಕೊಂಡಿದ್ದ. ಲೆಮ್‌ಗೆ 1983ರಲ್ಲಿ ರಾಷ್ಟ್ರೀಯ ಪರಂಪರಾ ಫೆಲೋಶಿಪ್ ಸಂದಿತು. ಮರುವರ್ಷ ಅವನೂ ಇಲ್ಲವಾದ.

ಬೆಲೆಯಂತೂ ಊಹೆ ಮೀರಿದೆ. ಮ್ಯಾಸಚೂಸೆಟ್ಸ್‌ನ ಎಲ್ಮರ್ ಕ್ರೋವೆಲ್ ಎಂಬ ಇನ್ನೊಬ್ಬ ಮಹಾಕುಶಲಿಯ ಎರಡು ಹಕ್ಕಿಗಳು 2007ರಲ್ಲಿ ತಲಾ 11.3 ಲಕ್ಷ ಡಾಲರಿಗೆ ಕೈಬದಲಾದವು. ಅಷ್ಟು ಕೊಟ್ಟವರು ಅವನ್ನು ನೀರಿಗೆ ಬಿಡುವುದುಂಟೇ? ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಬಣ್ಣ ಉಳಿಯುತ್ತದೆ, ನಿಜ. ಆದರೆ ತಳದ ಸೀಸ, ಮುಗುಚಿದರೆ ತಿರುಗಿ ಏಳುವ ಆ ಗುಣ, ಹಗ್ಗ ಕಟ್ಟಿದ ಗುರುತು ಕಾಣಿಸುವುದಿಲ್ಲ. ಬೇಟೆಗೆ ಬಳಸುವ ಬಾತುಗಳಿಗೆ ನಡೆಯುವ ಸ್ಪರ್ಧೆಗಳಲ್ಲಿ ಇಂದಿಗೂ ತೀರ್ಪುಗಾರರು ಹಕ್ಕಿಯನ್ನು ನೀರಿಗೆ ಎಸೆದು, ಅದು ತಾನೇ ನೆಟ್ಟಗಾಗುತ್ತದೆಯೇ ಎಂದು ಕಾಯುತ್ತಾರೆ. ಮ್ಯೂಸಿಯಮ್ಮುಗಳೂ ಬಣ್ಣ ಕಿತ್ತುಹೋದ, ಬೆಲೆ ಬಾಳದ ಒಂದೆರಡು ಹಳೆಯ ಬಾತುಗಳನ್ನು ನೀರಿನ ತೊಟ್ಟಿಯ ಪಕ್ಕ ಇಟ್ಟು, ಬಂದ ಮಕ್ಕಳ ಕೈಗೆ ಕೊಟ್ಟರೆ ಒಳ್ಳೆಯದು.