ಗಾಳಿ ತೊಳೆಯುವ ಯಂತ್ರ: ನೀಲಿ ಬೆಳಕಿಗೆ ಎಷ್ಟು ಬೆಲೆ?

ಕುಡಿಯುವ ನೀರನ್ನು ಶುದ್ಧಗೊಳಿಸುವ ಯಂತ್ರವು ನಮ್ಮ ಊರುಗಳ ಅಡುಗೆಮನೆಗಳನ್ನು ಸೇರಿ ವರ್ಷಗಳೇ ಸಂದವು. ಈಗ ಗಾಳಿಯನ್ನು ಶುದ್ಧಗೊಳಿಸುವ ಯಂತ್ರದ ಸರದಿ. ಪೇಟೆಯ ಅಂಗಡಿಗಳಲ್ಲಿ ಅದು ಕಂತಿನ ಮೇಲೆ ದೊರೆಯುತ್ತದೆ. ಗಲ್ಫಿನಿಂದ ರಜೆಯಲ್ಲಿ ಬರುವ ಮಕ್ಕಳು, ಉಬ್ಬಸದಿಂದ ನರಳುವ ತಾಯಿತಂದೆಗಳಿಗೆಂದು ಅದನ್ನು ಹೊತ್ತು ತರುವುದೂ ಉಂಟು. ಬೆಲೆ ಕೆಲವು ಸಾವಿರಗಳಿಂದ ತೊಡಗಿ ಐವತ್ತು ಸಾವಿರ ರೂಪಾಯಿಗಳನ್ನೂ ಮೀರುತ್ತದೆ. ಹೆಚ್ಚಿನ ಬೆಲೆಯ ಹಲವು ಯಂತ್ರಗಳ ಪೆಟ್ಟಿಗೆಯ ಮೇಲೆ 'ಯು.ವಿ. ತಂತ್ರಜ್ಞಾನ' ಎಂಬ ಮಾತು ದಪ್ಪಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಗುಂಡಿ ಒತ್ತಿದೊಡನೆ ಒಳಗಿನಿಂದ ತಂಪಾದ ನೀಲಿ ಬೆಳಕೊಂದು ಹೊಮ್ಮುತ್ತದೆ. ನೋಡಿದವರಿಗೆ, ರೋಗಾಣುಗಳೆಲ್ಲ ಅಲ್ಲೇ ಸುಟ್ಟುಹೋದವೆಂಬ ಸಮಾಧಾನ.

ಸೂಚನಾ ಪುಸ್ತಿಕೆ ಇಂಗ್ಲಿಷಿನಲ್ಲಿ; ಅಂಗಡಿಯವರ ವಿವರಣೆ ಮಲೆಯಾಳದಲ್ಲಿ. ಎರಡರ ನಡುವೆ, ದುಡ್ಡು ಕೊಡುವ ನಮ್ಮವರಿಗೆ ವಿಷಯ ಪೂರ್ತಿ ತಿಳಿಯುವುದಿಲ್ಲ. "ಮಾಷ್ಟ್ರೇ, ಇದನ್ನು ಕೊಂಡರೆ ಮಗುವಿನ ದಮ್ಮು ಕಡಮೆಯಾದೀತೇ?" ಎಂದು ವಿದ್ಯಾರ್ಥಿಗಳ ಹೆತ್ತವರು ಶಾಲೆಯ ಮೆಟ್ಟಲಲ್ಲಿ ನಿಂತು ನಮ್ಮನ್ನು ಕೇಳುವುದುಂಟು. ಹೌದು ಎಂದೋ ಅಲ್ಲ ಎಂದೋ ಒಂದೇ ಮಾತಿನಲ್ಲಿ ಉತ್ತರಿಸುವ ಪ್ರಶ್ನೆ ಇದಲ್ಲ. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ವಿಚಾರ ಮಾಡೋಣ.

ಯಂತ್ರದ ಒಳಗೇನಿದೆ?

ಎಷ್ಟೇ ಬೆಲೆಯ ಯಂತ್ರವಾಗಲಿ, ಬಿಚ್ಚಿ ನೋಡಿದರೆ ಮುಖ್ಯವಾಗಿ ಕಾಣುವುದು ಒಂದು ಫ್ಯಾನು ಮತ್ತು ಒಂದು ಸೋಸುಪಟ್ಟಿ. ಫ್ಯಾನು ಕೋಣೆಯ ಗಾಳಿಯನ್ನು ಎಳೆದುಕೊಳ್ಳುತ್ತದೆ, ಪಟ್ಟಿ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಿಕ್ಕ ಗಾಳಿ ಹೊರಬರುತ್ತದೆ. ಒಳ್ಳೆಯ ಯಂತ್ರಗಳಲ್ಲಿರುವ ಪಟ್ಟಿಗೆ 'ಹೆಪಾ' ಎಂದು ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಣುಬಾಂಬಿನ ಯೋಜನೆಯಲ್ಲಿ, ವಿಕಿರಣಶೀಲ ಧೂಳನ್ನು ತಡೆಯುವುದಕ್ಕಾಗಿ ಇದು ಬೆಳೆದು ಬಂತು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ 99.97 ಪಾಲನ್ನು ಹಿಡಿಯಬೇಕೆಂಬುದು ಅಮೆರಿಕದಲ್ಲಿ ಇದಕ್ಕೆ ಗೊತ್ತುಮಾಡಿದ ಮಟ್ಟ. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

0.3ಕ್ಕಿಂತ ಚಿಕ್ಕ ಕಣಗಳು ನುಸುಳಿಹೋಗಲಾರವೇ ಎಂಬ ಸಂದೇಹ ಸಹಜ. ಹೆಪಾ ಎಂಬುದು ಹಿಟ್ಟು ಜರಡಿಯಂಥದಲ್ಲ. ಅದು ಸಿಕ್ಕುಸಿಕ್ಕಾದ ಎಳೆಗಳ ಕಾಡು. ದೊಡ್ಡ ಕಣಗಳು ನೇರವಾಗಿ ಹೋಗಿ ಎಳೆಗೆ ಬಡಿಯುತ್ತವೆ. ತೀರ ಸಣ್ಣವು ಗಾಳಿಯ ಅಣುಗಳ ತಳ್ಳಾಟಕ್ಕೆ ಸಿಕ್ಕಿ ಅತ್ತಿತ್ತ ಓಲಾಡುತ್ತ ಎಲ್ಲೋ ಒಂದೆಡೆ ಅಂಟಿಕೊಳ್ಳುತ್ತವೆ. ಇವೆರಡರ ನಡುವಿನ, ಸುಮಾರು 0.3 ಮೈಕ್ರಾನಿನ ಕಣವೇ ಹಿಡಿಯಲು ಅತ್ಯಂತ ಕಠಿಣ. ಅದಕ್ಕಾಗಿಯೇ ಪರೀಕ್ಷೆಗೆ ಆ ಗಾತ್ರ. ಬ್ಯಾಕ್ಟೀರಿಯಗಳಾಗಲಿ, ವೈರಸ್ಸುಗಳನ್ನು ಹೊತ್ತ ಉಗುಳಿನ ಹನಿಗಳಾಗಲಿ ಈ ಕಾಡನ್ನು ದಾಟುವುದು ಸುಲಭವಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು; ಮುಂದೆ ಇದರ ಅಗತ್ಯ ಬೀಳುತ್ತದೆ.

ಕಿರಣದ ಮಹಿಮೆ ಸುಳ್ಳಲ್ಲ

ಅತಿನೇರಳೆ ಕಿರಣಕ್ಕೆ ರೋಗಾಣುಗಳನ್ನು ಕೊಲ್ಲುವ ಶಕ್ತಿಯಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಬಿಸಿಲು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತದೆಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬವರು 1877ರಲ್ಲೇ ತೋರಿಸಿದರು. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ನೀಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲಿ ನೊಬೆಲ್ ಬಹುಮಾನ ಬಂತು. ಹಾಸಿಗೆ ಚಾಪೆಗಳನ್ನು ಬಿಸಿಲಿಗೆ ಹಾಕಬೇಕೆಂಬ ನಮ್ಮ ಅಜ್ಜಿಯಂದಿರ ಕಟ್ಟಳೆಯಲ್ಲೂ ಅರ್ಥವಿತ್ತೆಂದಾಯಿತು.

ಅಮೆರಿಕದ ವಿಲಿಯಂ ವೆಲ್ಸ್ ಎಂಬವರು 1937ರಿಂದ 1941ರ ವರೆಗೆ ಫಿಲಡೆಲ್ಫಿಯದ ಸುತ್ತಿನ ಶಾಲೆಗಳ ತರಗತಿಗಳಲ್ಲಿ, ಮಕ್ಕಳ ತಲೆಗಿಂತ ಬಹಳ ಮೇಲೆ ಈ ಕಿರಣದ ದೀಪಗಳನ್ನಿರಿಸಿ ದಡಾರದ ಹರಡುವಿಕೆಯನ್ನು ತಗ್ಗಿಸಿದರು. ಅವರ ಶಿಷ್ಯ ರಿಚರ್ಡ್ ರೈಲಿ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ಕ್ಷಯರೋಗಿಗಳ ಕೋಣೆಗಳ ಗಾಳಿಯನ್ನು ಗಿನಿಯಿಲಿಗಳ ಗೂಡುಗಳಿಗೆ ಹಾಯಿಸಿದರು. ಬರಿಯ ಗಾಳಿ ಕುಡಿದ ಗಿನಿಯಿಲಿಗಳಿಗೆ ಕ್ಷಯ ತಗಲಿತು. ಕಿರಣ ಹಾಯ್ದ ಗಾಳಿ ಕುಡಿದವುಗಳಿಗೆ ತಗಲಲಿಲ್ಲ. ಕ್ಷಯವು ಗಾಳಿಯಲ್ಲಿ ಹರಡುವ ರೋಗವೆಂಬುದೂ ಈ ಪ್ರಯೋಗಗಳಿಂದಲೇ ಖಚಿತವಾಯಿತು. ಕೋಣೆಯ ಮೇಲ್ಭಾಗಕ್ಕೆ ಇಂಥ ದೀಪಗಳನ್ನು ಅಳವಡಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರ ತನ್ನ ಕ್ಷಯ ನಿಯಂತ್ರಣ ಸೂಚನೆಗಳಲ್ಲಿ ಸೇರಿಸಿದೆ.

ಹಾಗಾದರೆ ಆಸ್ಪತ್ರೆಯಲ್ಲಿ ಗೆದ್ದ ಕಿರಣ ಮನೆಯ ಪೆಟ್ಟಿಗೆಯಲ್ಲೂ ಗೆಲ್ಲಬೇಡವೇ? ಇಲ್ಲಿಯೇ ಇರುವುದು ಸೂಕ್ಷ್ಮ.

ಲೆಕ್ಕ ಹಾಕಿ ನೋಡೋಣ

ರೋಗಾಣುವನ್ನು ಕೊಲ್ಲುವುದು ಕಿರಣದ ಹೆಸರಲ್ಲ, ಅದರ ಪ್ರಮಾಣ. ಪ್ರಮಾಣವೆಂದರೆ ಕಿರಣದ ತೀವ್ರತೆಯನ್ನು ಅದು ಬೀಳುವ ಹೊತ್ತಿನಿಂದ ಗುಣಿಸಿದಾಗ ಬರುವ ಮೊತ್ತ. ಬಟ್ಟೆಯನ್ನು ಒಂದು ಗಳಿಗೆ ಬಿಸಿಲಿಗೆ ತೋರಿಸಿ ಮಡಚಿಟ್ಟರೆ ಒಣಗಿತೇ?

ಸಾಧಾರಣ ಮಟ್ಟದ ಯಂತ್ರವೊಂದು ಗಂಟೆಗೆ 180 ಘನ ಮೀಟರ್ ಗಾಳಿಯನ್ನು ಹಾಯಿಸುತ್ತದೆಂದು ಇಟ್ಟುಕೊಳ್ಳೋಣ. ಒಂದು ಘನ ಮೀಟರಿಗೆ 1000 ಲೀಟರ್. ಅಂದರೆ ಗಂಟೆಗೆ 1,80,000 ಲೀಟರ್. ಸೆಕೆಂಡಿಗೆ 50 ಲೀಟರ್. ದೀಪವಿರುವ ಗೂಡಿನಲ್ಲಿ 5 ಲೀಟರ್ ಗಾಳಿ ಹಿಡಿಯುತ್ತದೆಂದಾದರೆ, ಗಾಳಿಯ ಪ್ರತಿಯೊಂದು ಪಾಲು ಆ ದೀಪದ ಎದುರು ನಿಲ್ಲುವುದು ಸೆಕೆಂಡಿನ ಹತ್ತರಲ್ಲೊಂದು ಭಾಗ ಮಾತ್ರ. ಎಂಟನೆಯ ತರಗತಿಯ ಮಕ್ಕಳೂ ಮಾಡಬಲ್ಲ ಲೆಕ್ಕವಿದು.

ನೀರಿನ ಯಂತ್ರದಲ್ಲಿ ಇದೇ ಕಿರಣ ಕೆಲಸಕ್ಕೆ ಬರುತ್ತದಲ್ಲವೇ ಎಂದು ಕೇಳಬಹುದು. ಅಲ್ಲಿ ನಳ್ಳಿಯಿಂದ ಬರುವುದು ನಿಮಿಷಕ್ಕೆ ಒಂದೆರಡು ಲೀಟರ್ ನೀರು. ಇಲ್ಲಿ ನುಗ್ಗುವುದು ಸೆಕೆಂಡಿಗೆ 50 ಲೀಟರ್ ಗಾಳಿ. ಆಸ್ಪತ್ರೆಯ ಚಾವಣಿಯ ಕೆಳಗಾದರೋ ಕಿರಣದ ಹರವು ಕೋಣೆಯ ಮೇಲ್ಭಾಗವನ್ನೆಲ್ಲ ತುಂಬಿರುತ್ತದೆ; ಗಾಳಿ ಅಲ್ಲಿ ಮೆಲ್ಲನೆ ಸುಳಿದಾಡುತ್ತದೆ. ಮನೆಬಳಕೆಯ ಯಂತ್ರಗಳಲ್ಲಿ ಕಿರಣದ ಪ್ರಮಾಣ ಸಾಲದಿರುವುದೇ ಸಾಮಾನ್ಯವೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಬಳಕೆದಾರರಿಗೆ ತಿಳಿಸಿದೆ.

ಇನ್ನೊಂದು ಮಾತು. ಧೂಳು, ಹೊಗೆ, ಹೂವಿನ ಪರಾಗ, ಬೆಕ್ಕುನಾಯಿಗಳ ಕೂದಲಿನ ಹೊಟ್ಟು, ಇವು ಯಾವುವೂ ಕಿರಣಕ್ಕೆ ಅಂಜುವುದಿಲ್ಲ. ಉಬ್ಬಸವನ್ನು ಕೆರಳಿಸುವವುಗಳಲ್ಲಿ ಇವೇ ಮುಖ್ಯ. ರೋಗಾಣುಗಳನ್ನಾದರೋ ಹೆಪಾ ಪಟ್ಟಿಯೇ ಹಿಡಿದಿಟ್ಟಿರುತ್ತದೆ. ಹಿಡಿದಿಟ್ಟ ಕಳ್ಳನನ್ನು ಹೊಡೆಯುವುದಕ್ಕಾಗಿ ಹೆಚ್ಚಿಗೆ ಸಾವಿರಾರು ರೂಪಾಯಿ ತೆರಬೇಕೇ ಎಂಬುದೇ ಪ್ರಶ್ನೆ. ಅಂದ ಹಾಗೆ, ಕೊಲ್ಲುವ ಕಿರಣ ಕಣ್ಣಿಗೆ ಕಾಣುವಂಥದೇ ಅಲ್ಲ. ಹೊರಗೆ ಕಾಣುವ ನೀಲಿ ಬಣ್ಣವು ಅದರ ಬಲದ ಅಳತೆಯಲ್ಲ.

ಅಮೆರಿಕ ಕಲಿತ ಪಾಠ

'ಮೋಲೆಕ್ಯೂಲ್' ಎಂಬ ಯಂತ್ರದ ಕತೆ ಇಲ್ಲಿ ಉಲ್ಲೇಖನೀಯ. 2017ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ 799 ಡಾಲರ್. ಟೈಟೇನಿಯಂ ಡೈಆಕ್ಸೈಡಿನಂಥ ವೇಗವರ್ಧಕ ಬಳಿದ ಪಟ್ಟಿಯ ಮೇಲೆ ಅತಿನೇರಳೆ ಬೆಳಕು ಬಿದ್ದಾಗ ನಡೆಯುವ ರಾಸಾಯನಿಕ ಕ್ರಿಯೆ ಅದರ ತಳಹದಿ. ಅದರ ಹಿಂದಿದ್ದವರು ಭಾರತೀಯ ಮೂಲದ ಪ್ರಾಧ್ಯಾಪಕ ಯೋಗಿ ಗೋಸ್ವಾಮಿ. ಹೆಪಾ ಬರಿದೆ ಹಿಡಿದಿಡುತ್ತದೆ, ನಮ್ಮದು ಮಾಲಿನ್ಯವನ್ನೇ ನಾಶಮಾಡುತ್ತದೆ ಎಂಬುದು ಕಂಪೆನಿಯ ಸಾರುವಿಕೆ. 'ಟೈಮ್' ಪತ್ರಿಕೆಯು ಆ ವರ್ಷದ ಶ್ರೇಷ್ಠ ಆವಿಷ್ಕಾರಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು.

ಆದರೆ ಸ್ವತಂತ್ರ ಪರೀಕ್ಷಕರು ಅದನ್ನು ಕೋಣೆಯಲ್ಲಿಟ್ಟು ಹೊಗೆ ಧೂಳುಗಳನ್ನು ಅಳೆದಾಗ ಕತೆ ಬೇರೆಯಾಯಿತು. 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ 2018ರಲ್ಲಿ ಅದಕ್ಕೆ ಕೆಳದರ್ಜೆಯ ಅಂಕಗಳನ್ನಿತ್ತಿತು. 2019ರಲ್ಲಿ 'ವೈರ್‌ಕಟರ್' ಎಂಬ ವಿಮರ್ಶಾ ಸಂಸ್ಥೆ, ತಾನು ಪರೀಕ್ಷಿಸಿದವುಗಳಲ್ಲೇ ಇದು ಅತ್ಯಂತ ಕಳಪೆಯೆಂದು ಬರೆಯಿತು. ಪ್ರತಿಸ್ಪರ್ಧಿಯಾದ ಡೈಸನ್ ಕಂಪೆನಿಯ ದೂರಿನ ಮೇಲೆ ಅಲ್ಲಿಯ ರಾಷ್ಟ್ರೀಯ ಜಾಹೀರಾತು ವಿಭಾಗವು ವಿಚಾರಣೆ ನಡೆಸಿ, ಹಲವು ಪ್ರಚಾರವಾಕ್ಯಗಳನ್ನು ಕೈಬಿಡಬೇಕೆಂದಿತು. 2023ರಲ್ಲಿ ಕಂಪೆನಿ ದಿವಾಳಿ ಅರ್ಜಿ ಸಲ್ಲಿಸಿತು. ಪಟ್ಟಿಯ ಮೇಲಿನ ರಾಸಾಯನಿಕ ಕ್ರಿಯೆ ಸುಳ್ಳಾಗಿರಲಿಲ್ಲ. ಅದು ಕೋಣೆಯ ಗಾಳಿಯನ್ನೆಲ್ಲ ತೊಳೆಯುವಷ್ಟು ವೇಗದ್ದಾಗಿರಲಿಲ್ಲ.

ಅದೇ ದೇಶದಲ್ಲಿ 2020ರ ಕೊರೋನಾ ಕಾಲದಲ್ಲಿ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೋಸೆಂಥಾಲ್ ಎಂಬವರು ನಾಲ್ಕು ಸೋಸುಪಟ್ಟಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಫ್ಯಾನಿಟ್ಟು, ಅಂಟುಪಟ್ಟಿಯಿಂದ ಬಿಗಿದು ಮನೆಯಲ್ಲೇ ಮಾಡಬಹುದಾದ ಪೆಟ್ಟಿಗೆಯೊಂದನ್ನು ರೂಪಿಸಿದರು. ಅದರಲ್ಲಿ ಕಿರಣವಿಲ್ಲ, ನೀಲಿ ಬೆಳಕಿಲ್ಲ. ಹಲವು ಶಾಲೆಗಳಲ್ಲಿ ಮಕ್ಕಳೇ ಅದನ್ನು ಕಟ್ಟಿದರು. ಪರೀಕ್ಷೆಗಳಲ್ಲಿ ಅದು ದುಬಾರಿ ಯಂತ್ರಗಳಿಗೆ ಸರಿಸಾಟಿಯಾಗಿ ನಿಂತಿತು.

ಔಷಧವೇ ವಿಷವಾಗಬಾರದು

ಕಿರಣದ ದೀಪಗಳಲ್ಲಿ ಪಾದರಸದ ಆವಿಯಿರುತ್ತದೆ. ಅದು ಹೊಮ್ಮಿಸುವ 254 ನ್ಯಾನೋಮೀಟರಿನ ಅಲೆ ರೋಗಾಣುಗಳ ವಂಶವಾಹಿಯನ್ನು ಕೆಡಿಸುತ್ತದೆ. ಇದರ ಜೊತೆಗೇ 185 ನ್ಯಾನೋಮೀಟರಿನ ಇನ್ನೊಂದು ಅಲೆಯೂ ಹೊರಡುತ್ತದೆ. ಸೂಕ್ತವಾದ ಗಾಜಿನಿಂದ ಅದನ್ನು ತಡೆಯದಿದ್ದರೆ ಗಾಳಿಯ ಆಮ್ಲಜನಕ ಓಝೋನಾಗಿ ಮಾರ್ಪಡುತ್ತದೆ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಝೋನ್, ಶ್ವಾಸಕೋಶದೊಳಕ್ಕೆ ಹೋದರೆ ಕೆಮ್ಮು ಬರಿಸುತ್ತದೆ, ಉಬ್ಬಸವನ್ನು ಹೆಚ್ಚಿಸುತ್ತದೆ. ಗಾಳಿ ಶುದ್ಧಗೊಳಿಸುವ ಯಂತ್ರಗಳು ಹೊರಬಿಡುವ ಓಝೋನ್ ದಶಲಕ್ಷಕ್ಕೆ 0.05 ಪಾಲನ್ನು ಮೀರಬಾರದೆಂದು ಕ್ಯಾಲಿಫೋರ್ನಿಯ ರಾಜ್ಯ ಕಾನೂನು ಮಾಡಿದೆ. ಯಂತ್ರ ಚಾಲೂ ಮಾಡಿದೊಡನೆ ಸಿಡಿಲು ಬಡಿದ ಮೇಲಿನಂಥ ಖಾರವಾದ ವಾಸನೆ ಬಂದರೆ, ಅದು ಶುದ್ಧ ಗಾಳಿಯ ಪರಿಮಳವೆಂದು ಹೇಳುವವರನ್ನು ನಂಬಬಾರದು.

ನಮ್ಮ ಮನೆಗಳಿಗೆ ಹೊಂದೀತೇ?

ಯಂತ್ರ ಎಷ್ಟೇ ಒಳ್ಳೆಯದಾದರೂ ಅದು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಮಾಡಿನ ಸಂದಿಯಿಂದಲೇ ಗಾಳಿ ಆಡುತ್ತಿರುತ್ತದೆ. ಅಂಥಲ್ಲಿ ಯಂತ್ರವಿಡುವುದೆಂದರೆ ತಳವಿಲ್ಲದ ಕೊಡಕ್ಕೆ ನೀರು ಹೊಯ್ದಂತೆ. ತಾರಸಿ ಮನೆಯ ಮುಚ್ಚಿದ ಮಲಗುವ ಕೋಣೆಯಾದರೆ ಮಾತು ಬೇರೆ. ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲಗೊಳಿಸಿದ ವರ್ಷಗಳಲ್ಲಿ ಕೆಂಪು ಧೂಳು ತಿಂದ ರಸ್ತೆಬದಿಯ ಮನೆಗಳವರಿಗೆ, ಹೆಪಾ ಯಂತ್ರ ಪ್ರಯೋಜನಕ್ಕೆ ಬಂದೀತೆಂದು ಧಾರಾಳವಾಗಿ ಹೇಳಬಹುದಿತ್ತು.

ಆಟಿಯ ಮಳೆಗೆ ಗೋಡೆಯಲ್ಲಿ ಏಳುವ ಬೂಷ್ಟಿನ ವಿಚಾರವೂ ಅಷ್ಟೇ. ಗಾಳಿಯಲ್ಲಿ ಹಾರುವ ಬೂಷ್ಟಿನ ಬೀಜಾಣುಗಳನ್ನು ಪಟ್ಟಿ ಹಿಡಿದೀತು. ಗೋಡೆಯ ಒದ್ದೆಯನ್ನು ಅದು ಆರಿಸಲಾರದು. ಸೋರುವ ಮಾಡನ್ನು ಸರಿಪಡಿಸದೆ ಯಂತ್ರಕ್ಕೆ ದುಡ್ಡು ಸುರಿಯುವುದು ವಿವೇಕವಲ್ಲ.

ಇದಕ್ಕಿಂತ ಮುಖ್ಯವಾದುದು ನಾವೇ ಮನೆಯೊಳಗೆ ಹಚ್ಚುವ ಹೊಗೆ. ಒಂದು ನುಸಿಬತ್ತಿ ಪೂರ್ತಿ ಉರಿದಾಗ ಹೊರಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮವೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮಂಚದ ಕೆಳಗೆ ನುಸಿಬತ್ತಿ, ಮಂಚದ ಪಕ್ಕದಲ್ಲಿ ಗಾಳಿ ಶುದ್ಧಗೊಳಿಸುವ ಯಂತ್ರ ಎಂದರೆ ಏನರ್ಥ? ಸೊಳ್ಳೆಪರದೆಯೊಂದು ಇದಕ್ಕಿಂತ ಎಷ್ಟೋ ಅಗ್ಗ, ಎಷ್ಟೋ ಉಪಕಾರಿ. ಬಚ್ಚಲ ಒಲೆಗೆ ಹಸಿ ಮಡಲು ತುರುಕುವುದು, ಪ್ಲಾಸ್ಟಿಕನ್ನು ಒಲೆಗೆ ಹಾಕುವುದು, ಒಳಕೋಣೆಯಲ್ಲಿ ಬೀಡಿ ಸೇದುವುದು, ಇವುಗಳನ್ನು ನಿಲ್ಲಿಸುವುದಕ್ಕೆ ಕಂತು ಕಟ್ಟಬೇಕಾಗಿಲ್ಲ.

ಕೊಳ್ಳಲೇಬೇಕಾದವರಿಗೆ

ಇಷ್ಟರ ಮೇಲೂ ಯಂತ್ರ ಬೇಕೆನ್ನುವ ಸಂದರ್ಭಗಳಿವೆ. ಅಂಥವರು ಪೆಟ್ಟಿಗೆಯ ಮೇಲೆ ಮೊದಲು ಹುಡುಕಬೇಕಾದುದು 'ಸಿ.ಎ.ಡಿ.ಆರ್.' ಎಂಬ ನಾಲ್ಕಕ್ಷರ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಸಿಗುತ್ತದೆಂಬುದನ್ನು ಅದು ಹೇಳುತ್ತದೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ 1200 ಘನ ಅಡಿ, ಎಂದರೆ ಸುಮಾರು 34 ಘನ ಮೀಟರ್ ಗಾಳಿಯಿರುತ್ತದೆ. ಗಂಟೆಗೆ ಐದು ಬಾರಿ ಅದನ್ನು ತೊಳೆಯಬೇಕೆಂದಾದರೆ ಈ ಅಂಕ 170ಕ್ಕೆ ಕಡಮೆಯಿರಬಾರದು. ಎರಡನೆಯದಾಗಿ, 'ಹೆಪಾದಂಥ' ಎಂಬ ಮಾತಿಗೆ ಮರುಳಾಗದೆ ನಿಜವಾದ ಹೆಪಾ ಪಟ್ಟಿಯನ್ನೇ ಕೇಳಬೇಕು. ಮೂರನೆಯದಾಗಿ, ಬದಲಿ ಪಟ್ಟಿಯ ಬೆಲೆಯೆಷ್ಟು, ಅದು ಹತ್ತಿರದಲ್ಲಿ ಸಿಗುವುದೇ ಎಂದು ವಿಚಾರಿಸಬೇಕು. ಪಟ್ಟಿ ಕಟ್ಟಿಕೊಂಡ ಯಂತ್ರ ಬರಿಯ ಫ್ಯಾನಿಗಿಂತ ಕಡೆ. ಕಿರಣದ ದೀಪವಿರುವ ಯಂತ್ರವನ್ನೇ ಕೊಂಡರೆ, ಓಝೋನ್ ಪರೀಕ್ಷೆ ಆಗಿದೆಯೇ ಎಂದು ಕೇಳಬೇಕು; ದೀಪವನ್ನು ಬೇರೆಯಾಗಿ ಆರಿಸುವ ಗುಂಡಿಯಿದ್ದರೆ ಇನ್ನೂ ಒಳ್ಳೆಯದು. ಆ ಕಿರಣ ಕಣ್ಣಿಗೂ ಚರ್ಮಕ್ಕೂ ಕೆಡುಕಾದುದರಿಂದ ಮುಚ್ಚಳ ತೆಗೆದು ಇಣುಕಲೇಬಾರದು.

ಎಲ್ಲಕ್ಕಿಂತ ಮಿಗಿಲಾದ ಎಚ್ಚರಿಕೆಯೊಂದಿದೆ. ಯಂತ್ರ ಬಂತೆಂಬ ಧೈರ್ಯದಿಂದ ವೈದ್ಯರು ಹೇಳಿದ ಇನ್ಹೇಲರನ್ನು ಬಿಡುವುದು, ಅಥವಾ ಯಂತ್ರದ ಕಂತಿಗಾಗಿ ಔಷಧಿಯ ಖರ್ಚನ್ನು ಹಿಡಿಯುವುದು ಅಪಾಯಕ್ಕೆ ದಾರಿ. ಉಬ್ಬಸದ ಮಗುವಿಗೆ ಮೊದಲು ಔಷಧಿ, ಆಮೇಲೆ ಹೊಗೆಯಿಲ್ಲದ ಮನೆ, ಕೊನೆಗೆ ಕೈಯಲ್ಲಿ ಮಿಕ್ಕರೆ ಯಂತ್ರ. ಆ ಯಂತ್ರವೂ ಒಳ್ಳೆಯ ಫ್ಯಾನು ಮತ್ತು ಒಳ್ಳೆಯ ಪಟ್ಟಿಯದಾದರೆ ಸಾಕು. ನೀಲಿ ಬೆಳಕಿಗೆ ತೆರುವ ಹೆಚ್ಚಿನ ಹಣದಿಂದ ಎರಡು ವರ್ಷಗಳ ಬದಲಿ ಪಟ್ಟಿಗಳನ್ನು ತಂದಿಡುವುದು ಮೇಲು.