ಬೀಜವನ್ನು ಫ್ರಿಡ್ಜಿನಲ್ಲಿ ಇಟ್ಟರೆ ಸಾಲದೇ?

ಕಳೆದ ಡಿಸೆಂಬರಿನಲ್ಲಿ ನಮ್ಮ ಒಂಬತ್ತನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಪಾಲೋಡಿಗೆ ಹೋಗಿದ್ದೆವು. ಕಾಸರಗೋಡಿನಲ್ಲಿ ಸಂಜೆ ರೈಲು ಹತ್ತಿದರೆ ಬೆಳಗ್ಗೆ ತಿರುವನಂತಪುರ. ಅಲ್ಲಿಂದ ಬಸ್ಸಿನಲ್ಲಿ ಸುಮಾರು 40 ಕಿಲೋಮೀಟರ್. ಕೇರಳದ ಈ ತುದಿಯಿಂದ ಆ ತುದಿಗೆ ಹೋದದ್ದು ಒಂದು ತೋಟ ನೋಡುವುದಕ್ಕೆ: ಜವಾಹರಲಾಲ್ ನೆಹರು ಉಷ್ಣವಲಯದ ಸಸ್ಯೋದ್ಯಾನ ಮತ್ತು ಸಂಶೋಧನಾ ಸಂಸ್ಥೆ. ಕೇರಳ ಸರಕಾರ ಇದನ್ನು 1979ರಲ್ಲಿ ಆರಂಭಿಸಿತು. ವಿಸ್ತಾರ ಸುಮಾರು 300 ಎಕರೆ.

ಸಸ್ಯೋದ್ಯಾನ ಎಂದಾಗ ಮಕ್ಕಳ ತಲೆಯಲ್ಲಿ ಇದ್ದದ್ದು ಗುಲಾಬಿ, ಕಾರಂಜಿ, ಹುಲ್ಲುಹಾಸು. ಅಲ್ಲಿ ಕಂಡದ್ದು ಮರ, ಬಿದಿರು, ಬಳ್ಳಿ, ನೆರಳು. ದಾರಿಯಲ್ಲಿ ಹತ್ತು ನಿಮಿಷ ನಡೆಯುವಷ್ಟರಲ್ಲಿ ಒಬ್ಬ ಹುಡುಗ ಕೇಳಿಯೇ ಬಿಟ್ಟ: "ಎಂಥ ಟೀಚರ್, ಇದು ನಮ್ಮ ಮನೆ ಹಿಂದಿನ ಗುಡ್ಡೆಯ ಹಾಗೇ ಉಂಟಲ್ಲ?"

ಸರಿಯಾಗಿಯೇ ಹೇಳಿದ. ಪಶ್ಚಿಮಘಟ್ಟದ ಮಳೆಕಾಡಿನ ಗಿಡಮರಗಳನ್ನು ಅವುಗಳ ನೆರಳು, ತೇವ, ಮಣ್ಣಿನಲ್ಲೇ ಬೆಳೆಸುವುದು ಅಲ್ಲಿಯ ಕೆಲಸ. ಅದು ಗುಡ್ಡೆಯ ಹಾಗೆ ಕಂಡರೆ ತೋಟ ಚೆನ್ನಾಗಿದೆ ಎಂದೇ ಅರ್ಥ.

ಒಂದು ದೊಡ್ಡ ಮರದ ಬುಡದಲ್ಲಿ ಎಲ್ಲರೂ ನಿಂತೆವು. ಕೆಳಗೆ ಗೇಣುದ್ದದ ಸಸಿಗಳು ಹತ್ತಾರು, ಎಲ್ಲ ಒಂದೇ ಜಾತಿಯವು. ಆಗ ಹಿಂದಿನಿಂದ ಒಬ್ಬಳು ಕೇಳಿದಳು: "ಟೀಚರ್, ಮರಗಳನ್ನು ಉಳಿಸಬೇಕಾದರೆ ಬೀಜ ತೆಗೆದು ಫ್ರಿಡ್ಜಿನಲ್ಲಿ ಇಟ್ಟರೆ ಸಾಕಲ್ಲ? 300 ಎಕರೆ ಯಾಕೆ?"

ಒಳ್ಳೆಯ ಪ್ರಶ್ನೆ. ನನಗೆ ಕೂಡಲೇ ಸರಿಯಾಗಿ ಉತ್ತರಿಸಲು ಬರಲಿಲ್ಲ. "ಊರಿಗೆ ಹೋಗಿ ನೋಡುವ" ಎಂದೆ. ನೋಡಿದ ಮೇಲೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ಬಗೆಯ ಬೀಜಗಳು

ಆ ಹುಡುಗಿ ಹೇಳಿದ ಫ್ರಿಡ್ಜ್ ನಿಜವಾಗಿಯೂ ಇದೆ. ನಾರ್ವೆ ದೇಶದ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ, ಬೆಟ್ಟದ ಒಳಗೆ, 2008ರಲ್ಲಿ ಜಗತ್ತಿನ ಬೀಜ ಭಂಡಾರ ತೆರೆಯಿತು. ಅಲ್ಲಿ ಭತ್ತ, ಗೋಧಿ, ಜೋಳ ಮುಂತಾದವುಗಳ ಬೀಜವನ್ನು ಒಣಗಿಸಿ, ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಇಟ್ಟಿದ್ದಾರೆ.

ಇಂಥ ಬೀಜಗಳಿಗೆ ಒಣಗುವುದು ಗೊತ್ತು. ನೀರಿನ ಅಂಶ ಶೇಕಡಾ 5ರ ಆಸುಪಾಸಿಗೆ ಇಳಿದರೂ ಜೀವ ಹೋಗುವುದಿಲ್ಲ, ನಿದ್ದೆ ಮಾಡುತ್ತವೆ. ಇಸ್ರೇಲಿನ ಮಸಾಡ ಎಂಬಲ್ಲಿ ಅಗೆದಾಗ ಸಿಕ್ಕಿದ ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದನ್ನು 2005ರಲ್ಲಿ ನೆಟ್ಟಾಗ ಅದು ಮೊಳೆಯಿತು! ಸೊಲ್ಲಾಪುರ, ಜತ್ತ ಕಡೆಯ ಮಕ್ಕಳೇ, ನಿಮ್ಮ ಮನೆಯಲ್ಲಿ ಮುಂದಿನ ಬಿತ್ತನೆಗೆ ಎತ್ತಿಟ್ಟ ಜೋಳವೂ ಈ ಜಾತಿಯದೇ. ತಾಳವಾಡಿಯ ರಾಗಿಯೂ ಹಾಗೆಯೇ.

ಇನ್ನು ಎರಡನೆಯ ಬಗೆ. ಹಲಸು, ಮಾವು, ನೇರಳೆ, ತೆಂಗು, ಅಡಿಕೆ, ಮತ್ತೆ ಮಳೆಕಾಡಿನ ಅನೇಕ ದೊಡ್ಡ ಮರಗಳು. ಇವುಗಳ ಬೀಜ ಒಣಗಿದರೆ ಸತ್ತೇ ಹೋಗುತ್ತದೆ. ಹೊಸ ಹಲಸಿನ ಬೀಜದ ತೂಕದಲ್ಲಿ ಸುಮಾರು ಅರ್ಧ ನೀರೇ. ಆ ನೀರು ಆರಿದರೆ ಜೀವಕೋಶದ ಪೊರೆಗಳು ಹಾಳಾಗುತ್ತವೆ. ನೀರು ಇರುವಾಗಲೇ ಫ್ರೀಜರಿಗೆ ಹಾಕಿದರೆ ಅದು ಮಂಜುಗಡ್ಡೆಯ ಹರಳಾಗಿ ಕೋಶವನ್ನು ಒಡೆಯುತ್ತದೆ. ಒಣಗಿಸುವ ಹಾಗಿಲ್ಲ, ಹೆಪ್ಪುಗಟ್ಟಿಸುವ ಹಾಗೂ ಇಲ್ಲ! ಬೀಜವಿಜ್ಞಾನಿ ಇ. ಎಚ್. ರಾಬರ್ಟ್ಸ್ 1973ರಲ್ಲಿ ಮೊದಲ ಬಗೆಯನ್ನು 'ಆರ್ಥೊಡಾಕ್ಸ್' ಎಂದೂ ಎರಡನೆಯದನ್ನು 'ರಿಕ್ಯಾಲ್ಸಿಟ್ರಂಟ್' ಎಂದೂ ಕರೆದರು. ಎರಡನೆಯದಕ್ಕೆ ಹೇಳಿದ ಮಾತು ಕೇಳದ್ದು, ಹಠಮಾರಿ ಎಂದು ಅರ್ಥ.

ನನಗೇನೋ ಅವು ಹಠಮಾರಿಗಳು ಎನಿಸುವುದಿಲ್ಲ. ಒಣನಾಡಿನ ಬೀಜಕ್ಕೆ ಮಳೆ ಬರುವ ತನಕ ಕಾಯಬೇಕು. ಮಳೆಕಾಡಿನ ಬೀಜ ಬೀಳುವುದು ಹಸಿ ನೆಲಕ್ಕೆ. ಅನೇಕ ಮರಗಳ ಬೀಜ ಉದುರುವುದು ಮಳೆಗಾಲದಲ್ಲೇ. ಕಾಯುವ ಅಗತ್ಯವೇ ಇಲ್ಲದ್ದರಿಂದ ಅವು ಕಾಯಲು ಕಲಿಯಲಿಲ್ಲ. ತೀರಾ ಹಣ್ಣಾದ ಹಲಸು ಕೊಯ್ದಾಗ ಒಳಗೇ ಮೊಳಕೆ ಬಂದ ಬೀಜವನ್ನು ನೀವೂ ಕಂಡಿರಬಹುದು. ಪಾಲೋಡಿನಲ್ಲಿ ಮರದ ಬುಡದಲ್ಲಿ ಕಂಡ ಸಸಿಗಳ ಕತೆಯೂ ಇದೇ. ಅಂಥ ಮರ ತನ್ನ ಮುಂದಿನ ಪೀಳಿಗೆಯನ್ನು ಮಣ್ಣಿನೊಳಗೆ ಬೀಜವಾಗಿ ಕೂಡಿಡುವುದಿಲ್ಲ, ನೆರಳಿನಲ್ಲಿ ಸಸಿಯಾಗಿ ನಿಲ್ಲಿಸುತ್ತದೆ.

ಹಾಗಾಗಿಯೇ 300 ಎಕರೆ ಬೇಕು. ಇಂಥ ಮರಕ್ಕೆ ಬದುಕಿರುವ ಇನ್ನೊಂದು ಮರವೇ ಭಂಡಾರ. ಭ್ರೂಣವನ್ನು ಬೀಜದಿಂದ ಬಿಡಿಸಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಇಡುವ ವಿಧಾನವೂ ಇದೆ. ಆದರೆ ಒಂದೊಂದು ಜಾತಿಗೂ ಬೇರೆ ಬೇರೆ ಕ್ರಮ ಕಂಡುಹಿಡಿಯಬೇಕು, ಖರ್ಚೂ ಹೆಚ್ಚು. ನಮ್ಮ ಹತ್ತಿರದ ಉದಾಹರಣೆ ಬೇಕೇ? ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆಯವರು ದಕ್ಷಿಣ ಕನ್ನಡದ ಕಿದುವಿನಲ್ಲಿ ಹಲವು ದೇಶಗಳ ತೆಂಗಿನ ತಳಿಗಳನ್ನು ಕಾಪಾಡುತ್ತಿದ್ದಾರೆ. ಹೇಗೆ? ಡಬ್ಬಿಯಲ್ಲಲ್ಲ, ತೋಟದಲ್ಲಿ, ಮರಗಳಾಗಿಯೇ.

ಒಂದೇ ಒಂದು ಮರ

ಕೊಲ್ಲಂ ಜಿಲ್ಲೆಯ ಪರವೂರಿನ ಒಂದು ಕಾವಿನಲ್ಲಿ, ಅಂದರೆ ನಮ್ಮ ನಾಗಬನದಂಥ ದೇವರ ಕಾಡಿನಲ್ಲಿ, ಪಾಲೋಡಿನ ವಿಜ್ಞಾನಿಗಳು ಕೆಲವು ವರ್ಷಗಳ ಹಿಂದೆ ಒಂದು ಮರವನ್ನು ಗುರುತಿಸಿದರು. ಅದು ಹಿಪ್ಪೆಯ ಬಳಗದ್ದು, ಹೆಸರು ಮಧುಕಾ ಡಿಪ್ಲೊಸ್ಟೆಮಾನ್. 1835ರಲ್ಲಿ ಅದರ ಮಾದರಿ ಸಂಗ್ರಹಿಸಿದ್ದರು. ಆಮೇಲೆ 180ಕ್ಕೂ ಹೆಚ್ಚು ವರ್ಷ ಯಾರೂ ಕಾಣದೆ, ಅಳಿದೇ ಹೋಯಿತು ಎಂದುಕೊಂಡಿದ್ದ ಮರ. ಆ ಕಾವಿನಲ್ಲಿ ಇದ್ದದ್ದು ಒಂದೇ ಒಂದು.

ಆ ಕಾವನ್ನು ಎಂದೋ ಕಡಿದಿದ್ದರೆ? ಏನು ಹೋಯಿತು ಎಂದು ತಿಳಿಯುವವರೂ ಇರುತ್ತಿರಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಶಾಲೆಯ ದಾರಿಯ ಧೂಪದ ಮರ ನೆನಪಾಯಿತು. ಧೂಪ ಪಶ್ಚಿಮಘಟ್ಟದಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಮರ. ರಸ್ತೆ ಅಗಲ ಮಾಡುವಾಗ ಅದನ್ನು ಕಡಿದರು. ಮಾರ್ಚ್ ತಿಂಗಳು, ಮರದ ತುಂಬ ಹೂ. ಅದರ ಬೀಜವೂ ಒಣಗಿದರೆ ಬದುಕುವುದಿಲ್ಲ. ಹಿಂದಿನ ವರ್ಷಗಳಲ್ಲಿ ಬಿದ್ದ ಬೀಜಗಳು ಡಾಮರಿನ ಮೇಲೆ ಒಣಗಿ ಹೋದವು. ನಾವು ದಿನಾ ಅದರ ಅಡಿಯಲ್ಲೇ ಬಸ್ಸಿಗೆ ಕಾದೆವು, ಒಂದನ್ನೂ ಹೆಕ್ಕಲಿಲ್ಲ.

ನಾವು ಮಾಡಿ ನೋಡಿದ್ದು

ಜೂನ್ ತಿಂಗಳಲ್ಲಿ ಮಕ್ಕಳು ಹಲಸಿನ ಬೀಜ ಮತ್ತು ಅಲಸಂಡೆ ಬೀಜ ತಂದರು. ಎರಡರಲ್ಲೂ ಅರ್ಧವನ್ನು ಕೂಡಲೇ ನೆಟ್ಟೆವು. ಉಳಿದ ಅರ್ಧವನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಂದು ತಿಂಗಳು ಒಣಗಿಸಿ ನೆಟ್ಟೆವು. ಅಲಸಂಡೆ ಎರಡು ಸಲವೂ ಮೊಳೆಯಿತು. ಹಲಸು ಮೊದಲ ಸಲ ಹೆಚ್ಚಿನವೂ ಮೊಳೆತವು. ಒಣಗಿದ್ದರಲ್ಲಿ ಒಂದೂ ಇಲ್ಲ. ಒಬ್ಬಳ ಬೀಜವನ್ನು ಮಾತ್ರ ಅಜ್ಜಿ ಪಲ್ಯಕ್ಕೆ ಹಾಕಿದ್ದರು! ಅದೇ ಅಜ್ಜಿ ಮೊಮ್ಮಗಳಿಗೆ ಇನ್ನೊಂದು ಮಾತು ಹೇಳಿದ್ದಾರೆ: "ಹಲಸಿನ ಬೀಜ ಇಡುವುದಾದರೆ ಕೆಂಪುಮಣ್ಣು ಮೆತ್ತಿ ಇಡಬೇಕು." ನೀರು ಆರದಂತೆ ತಡೆಯುವ ಉಪಾಯ. ರಾಬರ್ಟ್ಸರ ಹೆಸರು ಕೇಳದೆಯೂ ಅಜ್ಜಿಗೆ ವಿಷಯ ಗೊತ್ತಿತ್ತು.

ಮಳೆ ಹಿಡಿದ ಮೇಲೆ ಹತ್ತಿರದ ಬನದ ಮನೆಯವರಲ್ಲಿ ಕೇಳಿ, ಅಲ್ಲಿ ಬಿದ್ದಿದ್ದ ಧೂಪದ ಬೀಜಗಳನ್ನು ಹೆಕ್ಕಿ, ಅದೇ ದಿನ ಮಣ್ಣು ತುಂಬಿದ ತೊಟ್ಟೆಗಳಲ್ಲಿ ಊರಿದೆವು. ಕೆಲವು ಕೊಳೆತವು, ಕೆಲವನ್ನು ಇಲಿ ತಿಂದಿತು. ಈಗ ಶಾಲೆಯ ಹಿಂದೆ 14 ಸಸಿಗಳಿವೆ. ಫ್ರಿಡ್ಜಿನ ಪ್ರಶ್ನೆ ಕೇಳಿದವಳು ಅವುಗಳಿಗೆ ನೀರು ಹಾಕುವ ಪಟ್ಟಿ ಇಟ್ಟಿದ್ದಾಳೆ.

ನೀವೂ ಮಾಡಿ ನೋಡಿ. ಹಲಸು ಸಿಗದ ಊರಿನಲ್ಲಿ ನೇರಳೆ ಇದೆ, ಮಾವು ಇದೆ. ಹೋಲಿಸಲು ಜೋಳವೋ ಶೇಂಗಾವೋ ಇರಲಿ. ಬೀಜಗಳನ್ನು ಎಣಿಸಿ ನೆಡಿ, ದಿನಾಂಕ ಬರೆದಿಡಿ. ನಿಮ್ಮ ಊರಿನ ಹಳೆಯ ಮರ ಯಾವ ತಿಂಗಳಲ್ಲಿ ಬೀಜ ಉದುರಿಸುತ್ತದೆ ಎಂದು ಮನೆಯ ಹಿರಿಯರನ್ನು ಕೇಳಿ ತಿಳಿಯಿರಿ. ಆ ವಾರ ನೀವು ಮರದ ಅಡಿಯಲ್ಲಿ ಇರಬೇಕು. ಬೀಜ ಮುಂದಿನ ವಾರಕ್ಕೆ ಕಾಯುವುದಿಲ್ಲ.